ಪಕ್ಕದ ಮನೆಯ ಸಿರಿ ಹಿರಿಯರ ನೆಮ್ಮದಿ ಕೆಡಿಸುತ್ತದಾ?

ಪ್ರಶ್ನೆ: ಹಿಂದೆ ನಮ್ಮೂರಲ್ಲಿ ಗಂಜಿಗೂ ಕಷ್ಟವಿತ್ತು. ಈಗ ರೇಷನ್ ಇದೆ, ಪಿಂಚಣಿ ಇದೆ. ಆದರೂ ಅಜ್ಜ-ಅಜ್ಜಿಯರಿಗೆ ಸಮಾಧಾನ ಇಲ್ಲ. ಇದು ಹೊಟ್ಟೆಕಿಚ್ಚಾ?

ಅಲ್ಲ. ಹಾಗನ್ನುವುದು ಅವರಿಗೆ ಮಾಡುವ ಅನ್ಯಾಯ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಈಗ ಎಂಬತ್ತು ದಾಟಿದವರು ಗೇಣಿಯ ಕಾಲ ಕಂಡವರು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಒಕ್ಕಲುಗಳಿಗೆ ಭೂಮಿ ಸಿಕ್ಕಿತು. ಹಳ್ಳಿಯಲ್ಲಿ ಬೇರೆಯವರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೂಲಿಯವರಿಗೆ ಸಿಕ್ಕಿದ್ದು ಹೆಚ್ಚೆಂದರೆ ಹತ್ತು ಸೆಂಟ್ಸ್, ಅಂದರೆ ಎಕರೆಯ ಹತ್ತರಲ್ಲೊಂದು ಪಾಲು. ಒಬ್ಬರ ಜಾಗ ಅಡಿಕೆ ತೋಟವಾಯಿತು, ಇನ್ನೊಬ್ಬರದು ಮನೆ ಕಟ್ಟುವುದಕ್ಕೇ ಮುಗಿಯಿತು. ಆಮೇಲೆ ಗಲ್ಫ್ ದುಡ್ಡು ಬಂತು, ಅದೂ ಎಲ್ಲರ ಮನೆಗೆ ಬರಲಿಲ್ಲ. 1980ರಲ್ಲಿ ಕೃಷಿ ಕಾರ್ಮಿಕರ ಪಿಂಚಣಿ ಶುರುವಾದಾಗ ತಿಂಗಳಿಗೆ 45 ರೂಪಾಯಿ. ಕೇರಳದ ಕ್ಷೇಮ ಪಿಂಚಣಿ 2021ರಲ್ಲಿ 1600 ಆಯಿತು, 2025ರ ನವೆಂಬರಿನಿಂದ 2000. ಇದು ಸಣ್ಣ ಸಾಧನೆ ಅಲ್ಲ. ಹಸಿವು ಹೋಗಿದೆ, ಅಂತರ ಉಳಿದಿದೆ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1973ರಲ್ಲಿ ಇದನ್ನು ಸುರಂಗದ ಉದಾಹರಣೆ ಕೊಟ್ಟು ವಿವರಿಸಿದರು. ಸುರಂಗದೊಳಗೆ ಎರಡು ಸಾಲು ವಾಹನ ಸಿಕ್ಕಿಬಿದ್ದಿವೆ. ಪಕ್ಕದ ಸಾಲು ಚಲಿಸಿದರೆ ಮೊದಲು ನಮಗೂ ಖುಷಿ, ಇನ್ನು ನಮ್ಮದೂ ಹೊರಡುತ್ತದೆ ಅಂತ. ಎಷ್ಟು ಹೊತ್ತಾದರೂ ಹೊರಡದಿದ್ದರೆ ಆ ಖುಷಿ ನೋವಾಗುತ್ತದೆ. ವಯಸ್ಸಾದವರಿಗೆ ತಮ್ಮ ಸಾಲು ಇನ್ನು ಹೊರಡುವುದಿಲ್ಲ ಅಂತ ಗೊತ್ತು. ಮಗಳೋ ಮೊಮ್ಮಗನೋ ಮುಂದೆ ಹೋದರೆ ಅಷ್ಟೇ ಸಾಕು ಅವರಿಗೆ. ಅದೂ ಇಲ್ಲದವರ ಸಂಕಟ ಬೇರೆಯೇ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದಿದೆ. ಊರಲ್ಲಿ ದುಡ್ಡು ಜಾಸ್ತಿಯಾದ ಹಾಗೆ ಊರಿನವರಾಗಿ ಇರುವುದಕ್ಕೇ ಖರ್ಚು ಹೆಚ್ಚುತ್ತದೆ. ಮೊದಲು ಮದುವೆ ಮನೆಯಂಗಳದ ಚಪ್ಪರದಲ್ಲಿ ನಡೆಯುತ್ತಿತ್ತು. ಹಿಂದಿನ ದಿನವೇ ಹೋಗಿ ತರಕಾರಿ ಹೆಚ್ಚಿ ಕೊಟ್ಟರೆ ಅದೇ ಮರ್ಯಾದೆ. ಈಗ ಮದುವೆ ಪೇಟೆಯ ಕಲ್ಯಾಣ ಮಂಟಪದಲ್ಲಿ. ಆಟೋಗೆ ದುಡ್ಡು ಬೇಕು, ಕವರಿನೊಳಗೆ ಇಡುವುದಕ್ಕೂ ಬೇಕು. ಪಿಂಚಣಿಯಲ್ಲಿ ಮದ್ದಿನ ಖರ್ಚು ಕಳೆದು ಉಳಿದದ್ದರಲ್ಲಿ ಎಷ್ಟು ಮದುವೆಗೆ ಹೋಗಲಿಕ್ಕಾದೀತು? "ಮೊಣಕಾಲು ನೋವು, ಬರಲಿಕ್ಕಾಗುವುದಿಲ್ಲ" ಅನ್ನುತ್ತಾರೆ. ನೋವು ನಿಜ ಇರಬಹುದು. ಆದರೆ ಖಾಲಿ ಕೈಯಲ್ಲಿ ಹೋಗಲು ನಾಚಿಕೆ ಅಂತ ಬಾಯಿಬಿಟ್ಟು ಹೇಳುವವರು ಯಾರು?

ಬಸ್ಸಿನ ವಿಷಯವೂ ಹಾಗೇ. ಉಳ್ಳವರು ಕಾರು, ಸ್ಕೂಟರ್ ತೆಗೆದುಕೊಂಡರೆ ಬಸ್ಸಿಗೆ ಜನ ಕಡಿಮೆ. ಜನ ಕಡಿಮೆಯಾದರೆ ಟ್ರಿಪ್ ನಿಲ್ಲುತ್ತದೆ. ಜೋರು ಕಾಯಿಲೆ ಬಂದರೆ ಮಂಗಳೂರಿಗೇ ಓಡಬೇಕಾದ ಜಾಗ ಇದು. ಯಾರದೋ ಕಾರಿನಿಂದ ಇನ್ಯಾರದೋ ದಾರಿ ಮುಚ್ಚುವುದು ಹೀಗೆ.

ಸಿರಿವಂತ ಮನೆಯಲ್ಲೂ ಒಂಟಿ ಹಿರಿಯರಿದ್ದಾರೆ, ಮಕ್ಕಳು ದುಬೈಯಲ್ಲೋ ಬೆಂಗಳೂರಲ್ಲೋ ಇರುತ್ತಾರೆ. ಅವರ ದುಃಖ ಕಡಿಮೆಯದ್ದಲ್ಲ. ಆದರೆ ಅವರು ಫೋನ್ ಮಾಡಿದರೆ ಬಾಡಿಗೆ ಕಾರು ಬರುತ್ತದೆ.

ಪಿಂಚಣಿ ಏರಬೇಕು, ಅದು ಸರ್ಕಾರದ ಕೆಲಸ. ನಮ್ಮ ಕೈಯಲ್ಲೂ ಸ್ವಲ್ಪ ಇದೆ. ಪಿಂಚಣಿಯ ಮಸ್ಟರಿಂಗ್‌ಗೆ, ಅಂದರೆ ಪಿಂಚಣಿ ಪಡೆಯುವವರು ಬದುಕಿದ್ದಾರೆ ಅಂತ ದೃಢಪಡಿಸುವುದಕ್ಕೆ, ನೆರೆಯ ಅಜ್ಜಿಯನ್ನು ಸರ್ಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಮಲಯಾಳದ ಫಾರಂ ಓದಲಾಗದಿದ್ದರೆ ತುಂಬಿಸಿ ಕೊಡಿ. ನಿಮ್ಮ ಮನೆಯ ಮದುವೆ ಕಾಗದದಲ್ಲಿ ಉಡುಗೊರೆ ಬೇಡ ಅಂತ ಅಚ್ಚು ಹಾಕಿಸಿ. ಕಾಗದ ಕೊಡಲು ಹೋದಾಗ ಅವರನ್ನು ಕರೆದೊಯ್ಯಲು ಗಾಡಿ ಎಷ್ಟು ಗಂಟೆಗೆ ಬರುತ್ತದೆ ಅಂತಲೂ ಹೇಳಿ ಬನ್ನಿ.