ಹೊಲದಲ್ಲಿ ಗೊತ್ತಿದ್ದದ್ದು ಲ್ಯಾಬಿನಲ್ಲಿ ಯಾಕೆ ಮರೆಯುತ್ತದೆ?

ಧಾರವಾಡದ ಎರೆಹೊಲದಲ್ಲಿ ಪ್ರಯೋಗ ಹಾಕುವ ಕೃಷಿ ವಿದ್ಯಾರ್ಥಿ ಒಂದು ತಳಿಯನ್ನು ಪೂರ್ತಿ ಮೇಲ್ಭಾಗಕ್ಕೆ, ಇನ್ನೊಂದನ್ನು ಪೂರ್ತಿ ಇಳಿಜಾರಿನ ಕೆಳಗೆ ಬಿತ್ತುವುದಿಲ್ಲ. ಕೆಳಗೆ ಮಣ್ಣು ಆಳ, ತೇವವೂ ಹೆಚ್ಚು ದಿನ ನಿಲ್ಲುತ್ತದೆ. ಇಳುವರಿ ಜಾಸ್ತಿ ಬಂದರೆ ಅದು ತಳಿಯ ಗುಣವೋ ಮಣ್ಣಿನದೋ ಹೇಳಲು ಬರುವುದಿಲ್ಲ. ಅದಕ್ಕೇ ಹೊಲವನ್ನು ಇಳಿಜಾರಿಗೆ ಅಡ್ಡಲಾಗಿ ಪಟ್ಟಿಗಳಾಗಿ ಮಾಡಿ, ಪ್ರತಿ ಪಟ್ಟಿಯಲ್ಲೂ ಎಲ್ಲ ತಳಿಗಳಿಗೆ ಚೀಟಿ ಎತ್ತಿ ಜಾಗ ಕೊಡುತ್ತಾರೆ. ಇದೇ ಆರ್‌ಬಿಡಿ, ಅಂದರೆ ರ‍್ಯಾಂಡಮೈಸ್ಡ್ ಬ್ಲಾಕ್ ಡಿಸೈನ್; ಬಿಎಸ್ಸಿ ಅಗ್ರಿ ಓದುವವರಿಗೆಲ್ಲ ಗೊತ್ತು. ಈ ಪದ್ಧತಿಗೆ ಗಟ್ಟಿ ಬುನಾದಿ ಹಾಕಿದವನು ರೊನಾಲ್ಡ್ ಫಿಶರ್. 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿ, ಗೊಬ್ಬರ ಮತ್ತು ಇಳುವರಿಯ ಹಳೆಯ ಲೆಕ್ಕದ ಪುಸ್ತಕಗಳನ್ನು ಕೆದಕುತ್ತ ಕೂತ ಗಣಿತಜ್ಞ ಅವನು.

ಸೋಜಿಗವೆಂದರೆ, ಇದೇ ವಿದ್ಯಾರ್ಥಿ ಹೊಲ ಬಿಟ್ಟು ಜೀನೋಮ್ ಲ್ಯಾಬಿನೊಳಗೆ ಕಾಲಿಟ್ಟ ಕೂಡಲೇ ಈ ಪಾಠ ಮರೆತುಬಿಡುತ್ತಾನೆ.

ಶೇಂಗಾ ಬೆಳೆಯನ್ನೇ ತೆಗೆದುಕೊಳ್ಳೋಣ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದ ಬಂದ ಜಿಪಿಬಿಡಿ-4 ತಳಿ ತುಕ್ಕು ರೋಗವನ್ನೂ ಎಲೆಚುಕ್ಕೆಯನ್ನೂ ತಡೆಯುತ್ತದೆ. ಆ ಶಕ್ತಿಯ ಮೂಲ ದಕ್ಷಿಣ ಅಮೆರಿಕದ ಅರಾಕಿಸ್ ಕಾರ್ಡೆನಾಸಿ ಎಂಬ ಕಾಡು ಶೇಂಗಾ. ಹೈದರಾಬಾದಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಬೇರೆ ತಳಿಗಳಿಗೆ ರೋಗನಿರೋಧಕ ಗುಣ ತರಲು ಜಿಪಿಬಿಡಿ-4 ತಳಿಯನ್ನೇ ದಾನಿಯಾಗಿ ಬಳಸಿತು. ತುಕ್ಕಿಗೆ ಬೇಗ ತುತ್ತಾಗುವ ಟಿಎಜಿ-24 ತಳಿಯ ಪಕ್ಕ ಇದನ್ನು ಬೆಳೆಸಿ, ಎರಡಕ್ಕೂ ರೋಗ ಹಚ್ಚಿ, ಎಲೆಗಳ ಆರ್‌ಎನ್‌ಎ (ಚುರುಕಾದ ಜೀನಿನಿಂದ ತಯಾರಾಗುವ ನಕಲು ಪ್ರತಿ) ತೆಗೆದು, ಯಾವ ಜೀನು ಎಲ್ಲಿ ಚುರುಕಾಗಿದೆ ಎಂದು ನೋಡುವುದು ಒಳ್ಳೆಯ ಪಿಎಚ್‌ಡಿ ವಿಷಯವೇ. ಎಲೆ ಕಿತ್ತ ತಕ್ಷಣ ದ್ರವ ಸಾರಜನಕಕ್ಕೆ ಹಾಕಬೇಕು, ಮೈನಸ್ 80 ಡಿಗ್ರಿಯ ಫ್ರೀಜರ್‌ನಲ್ಲಿಡಬೇಕು, ಆಮೇಲೆ ಸೀಕ್ವೆನ್ಸಿಂಗ್‌ಗೆ, ಅಂದರೆ ಆರ್‌ಎನ್‌ಎಯ ಅಕ್ಷರಗಳನ್ನು ಯಂತ್ರದಲ್ಲಿ ಓದಿಸಲು, ಕಳಿಸಬೇಕು. ಫೈಲು ವಾಪಸು ಬಂದ ಮೇಲೆ ಸಂಖ್ಯಾಶಾಸ್ತ್ರದವರ ನೆನಪಾಗುತ್ತದೆ. ಆಗ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ:

“ಸರ್, ಡೇಟಾ ಎಲ್ಲಾ ಬಂದೈತ್ರಿ. ಸಿಗ್ನಿಫಿಕನ್ಸ್ ಒಂದು ತಗದು ಕೊಟ್ಬಿಡ್ರಿ.”

“ಜಿಪಿಬಿಡಿದು ಆರ್‌ಎನ್‌ಎ ಯಾವತ್ತ ತಗದೀಯವಾ?”

“ಸೋಮವಾರ ರೀ.”

“ಟಿಎಜಿದು?”

“ಮಂಗಳವಾರ ರೀ. ಅವತ್ತ ಹೊಸ ಕಿಟ್ ಬಂದಿತ್ತಲ್ರಿ...”

ಅಲ್ಲಿಗೆ ಮುಗಿಯಿತು. ತಳಿ ಬೇರೆ, ದಿನವೂ ಬೇರೆ, ಆರ್‌ಎನ್‌ಎ ತೆಗೆಯುವ ಕಿಟ್ಟೂ ಬೇರೆ. ಕಂಡ ವ್ಯತ್ಯಾಸ ಯಾವುದರದ್ದು ಎಂದು ಬಿಡಿಸಿ ಹೇಳುವ ಸಾಫ್ಟ್‌ವೇರ್ ಜಗತ್ತಿನಲ್ಲಿ ಇಲ್ಲ. ದಿನ, ಕಿಟ್ಟುಗಳಿಂದ ಬರುವ ಇಂಥ ವ್ಯತ್ಯಾಸಕ್ಕೆ ಬ್ಯಾಚ್ ಎಫೆಕ್ಟ್ ಅನ್ನುತ್ತಾರೆ. ಒಂದು ತಳಿಯನ್ನು ಮೇಲೆ, ಇನ್ನೊಂದನ್ನು ಕೆಳಗೆ ಬಿತ್ತಿದ ತಪ್ಪೇ ಇದು. ಹೊಲದ ಇಳಿಜಾರು ಕಣ್ಣಿಗೆ ಕಾಣುತ್ತದೆ, ಕಿಟ್ಟಿನದು ಕಾಣುವುದಿಲ್ಲ, ಅಷ್ಟೇ.

ದೊಡ್ಡ ದೊಡ್ಡ ಲ್ಯಾಬುಗಳೂ ಇದರಲ್ಲಿ ಸಿಕ್ಕಿಹಾಕಿಕೊಂಡಿವೆ. ಮನುಷ್ಯ ಮತ್ತು ಇಲಿಯ ಅಂಗಾಂಗಗಳಲ್ಲಿ ಜೀನುಗಳ ಚಟುವಟಿಕೆ ಹೋಲಿಸಿದ 2014ರ ಒಂದು ಪ್ರಬಂಧ, ಅಂಗ ಯಾವುದೆನ್ನುವುದಕ್ಕಿಂತ ಪ್ರಾಣಿ ಯಾವುದೆನ್ನುವುದೇ ಮುಖ್ಯ ಎಂಬ ಅಚ್ಚರಿಯ ಮಾತು ಹೇಳಿತು. ಮರುವರ್ಷ ಶಿಕಾಗೊದ ತಳಿವಿಜ್ಞಾನಿ ಯೋವಾವ್ ಗಿಲಾಡ್ ಮತ್ತು ಸಹೋದ್ಯೋಗಿ ಆ ಕಚ್ಚಾ ಫೈಲುಗಳನ್ನೇ ತೆರೆದರು. ಪ್ರತಿ ಡಿಎನ್‌ಎ ತುಣುಕಿನ ಶೀರ್ಷಿಕೆ ಸಾಲಿನಲ್ಲಿ ಯಂತ್ರದ ಗುರುತು, ಲೇನ್ ಸಂಖ್ಯೆ ಇರುತ್ತವೆ. ಅವನ್ನು ಜೋಡಿಸಿ ನೋಡಿದರೆ, ಮನುಷ್ಯನ ಮಾದರಿಗಳೂ ಇಲಿಯ ಮಾದರಿಗಳೂ ಬಹುಮಟ್ಟಿಗೆ ಬೇರೆ ಬೇರೆ ಕಂತುಗಳಲ್ಲಿ ಓಡಿದ್ದವು. ಆ ಕಂತುಗಳ ಪರಿಣಾಮವನ್ನು ಲೆಕ್ಕಕ್ಕೆ ಹಿಡಿದಾಗ ಹೃದಯದ ಜೊತೆ ಹೃದಯ, ಯಕೃತ್ತಿನ ಜೊತೆ ಯಕೃತ್ತು ಕೂಡಿಕೊಂಡವು. ಆ ಬಗ್ಗೆ ಜೋರು ಚರ್ಚೆಯೇ ನಡೆಯಿತು.

ಎರಡನೆಯ ತೊಡಕು ಗಾತ್ರದ್ದು. ಹೊಲದಲ್ಲಿ ಅಳೆಯುವುದು ಇಳುವರಿ, ಎತ್ತರ, ಕಾಯಿಗಳ ಎಣಿಕೆ, ಬೆರಳಲ್ಲಿ ಎಣಿಸುವಷ್ಟು. ಶೇಂಗಾದಲ್ಲಿ 60 ಸಾವಿರಕ್ಕೂ ಹೆಚ್ಚು ಜೀನುಗಳಿವೆ. ಪಿ-ವ್ಯಾಲ್ಯೂ (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) 0.05ಕ್ಕಿಂತ ಕೆಳಗಿದ್ದರೆ ಸಾಕು ಎನ್ನುವ ಹಳೆಯ ರೂಢಿಯನ್ನು ಇಲ್ಲಿ ಹಾಗೇ ಹಚ್ಚಿದರೆ, ಎರಡು ತಳಿಗಳ ನಡುವೆ ಯಾವ ವ್ಯತ್ಯಾಸವೂ ಇಲ್ಲದಿದ್ದರೂ ಸುಮಾರು 3,000 ಜೀನುಗಳು ‘ಸಿಗ್ನಿಫಿಕಂಟ್’ ಆಗಿ ಮೇಲೆ ಬರುತ್ತವೆ. ಬಾನ್‌ಫೆರೋನಿ ವಿಧಾನದಲ್ಲಿ 0.05 ಅನ್ನು 60,000ದಿಂದ ಭಾಗಿಸಿ, 12 ಲಕ್ಷಕ್ಕೆ ಒಂದು ಎನ್ನುವಷ್ಟು ಬಿಗಿ ಮಿತಿ ಹಾಕಬಹುದು. ಆಗ ಸುಳ್ಳಿನ ಜೊತೆ ನಿಜದ ಜೀನುಗಳೂ ಕೈತಪ್ಪುತ್ತವೆ. ಇಸ್ರೇಲಿನ ಸಂಖ್ಯಾಶಾಸ್ತ್ರಜ್ಞರಾದ ಬೆಂಜಮಿನಿ ಮತ್ತು ಹಾಕ್‌ಬರ್ಗ್ 1995ರಲ್ಲಿ ನಡುದಾರಿ ತೋರಿಸಿದರು: ಒಂದೂ ಸುಳ್ಳು ಇರಬಾರದು ಎಂಬ ಹಟ ಬಿಟ್ಟು, ಪಟ್ಟಿಯಲ್ಲಿ ಸುಳ್ಳಿನ ಪಾಲು ಸರಾಸರಿ ಇಷ್ಟು ಮೀರಬಾರದು ಎನ್ನೋಣ. ಶೇಕಡಾ 5ರ ಮಿತಿಯಲ್ಲಿ 500 ಜೀನುಗಳ ಪಟ್ಟಿ ಸಿಕ್ಕರೆ ಅದರಲ್ಲಿ 25ರಷ್ಟು ಜೊಳ್ಳು ಇರಬಹುದು. ಮುಂದೆ ಒಂದೊಂದನ್ನೇ ಪರೀಕ್ಷಿಸುವವರಿಗೆ ಇದು ಒಪ್ಪುವ ವ್ಯವಹಾರ.

ಮೆಣಸಿನಕಾಯಿಗೆ ಬಂದರೆ ಇನ್ನೊಂದು ಸುಳಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಕಾಯಿ ಸುಕ್ಕು ಮೈಯದು, ಬಣ್ಣ ಕಡುಗೆಂಪು, ಖಾರ ಕಡಿಮೆ. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಬಣ್ಣದ ಜೀನು ಹುಡುಕಲು ಹಲವು ಬ್ಯಾಡಗಿ ಗಿಡಗಳನ್ನೂ ಹಲವು ಗುಂಟೂರು ಗಿಡಗಳನ್ನೂ ಹೋಲಿಸಿದಿರಿ ಅನ್ನಿ. ಎರಡೂ ಬೇರೆ ಬೇರೆ ವಂಶದವು. ಬಣ್ಣಕ್ಕೆ ಸಂಬಂಧವೇ ಇಲ್ಲದ ಸಾವಿರಾರು ಜಾಗಗಳಲ್ಲೂ ಅವುಗಳ ಡಿಎನ್‌ಎ ಬೇರೆ. ಸುಕ್ಕಿನ ಜೀನೂ ಬಣ್ಣದ ಜೀನಿನ ವೇಷದಲ್ಲಿ ಪಟ್ಟಿಗೆ ನುಗ್ಗುತ್ತದೆ. ಯಾವ ಗಿಡ ಯಾವುದಕ್ಕೆ ಎಷ್ಟು ಹತ್ತಿರದ ಬಳಗ ಎಂಬ ಕೋಷ್ಟಕವನ್ನು ಡಿಎನ್‌ಎಯಿಂದಲೇ ಕಟ್ಟಿ ಲೆಕ್ಕದೊಳಗೆ ಸೇರಿಸಿದಾಗ ಈ ಗದ್ದಲ ಬಹಳಷ್ಟು ಇಳಿಯುತ್ತದೆ. ಇನ್ನೂ ಒಳ್ಳೆಯದೆಂದರೆ ಎರಡನ್ನೂ ಸಂಕರ ಮಾಡಿ, ಮುಂದಿನ ಪೀಳಿಗೆಗಳಲ್ಲಿ ಗುಣಗಳು ಬೆರೆತ ಮೇಲೆ ಹುಡುಕುವುದು. ಅದಕ್ಕೆ ಕೆಲವು ಹಂಗಾಮು ಕಾಯಬೇಕು. ಕಾಯುವಷ್ಟು ಫೆಲೋಶಿಪ್ ಇರಬೇಕಲ್ಲ!

1938ರಲ್ಲಿ ಕಲ್ಕತ್ತೆಗೆ ಬಂದಿದ್ದ ಫಿಶರ್, ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆದರೆ ಅವನು ಮಾಡುವುದು ಮರಣೋತ್ತರ ಪರೀಕ್ಷೆ ಮಾತ್ರ ಎಂದು ಕುಟುಕಿದ್ದ. ಬಿತ್ತುವ ಮೊದಲೇ ಕೂತು ಮಾತಾಡಿದರೆ ದುಡ್ಡೂ ಉಳಿಯುತ್ತದೆ. ಒಂದೇ ಗಿಡದ ಮೂರು ಎಲೆ ಕಳಿಸಿದರೆ ಅದು ಮೂರು ಗಿಡವಾಗುವುದಿಲ್ಲ. ಎರಡು ಗಿಡಗಳನ್ನು ಸೀಕ್ವೆನ್ಸಿಂಗ್ ಯಂತ್ರದಲ್ಲಿ ಬಹಳ ಆಳವಾಗಿ (ಮತ್ತೆ ಮತ್ತೆ) ಓದಿಸುವುದಕ್ಕಿಂತ ಆರು ಗಿಡಗಳನ್ನು ಸಾಧಾರಣ ಆಳಕ್ಕೆ ಓದಿಸುವುದು ಸಾಮಾನ್ಯವಾಗಿ ಲೇಸು. ಸತ್ತ ಗಿಡಗಳ ಸಾಲಿಗೆ ಎಕ್ಸೆಲ್‌ನಲ್ಲಿ ಹಳದಿ ಬಣ್ಣ ಬಳಿದು ಬಿಡುವ ಚಾಳಿಯೂ ಆಗಲೇ ನಿಲ್ಲಬೇಕು. ಲೆಕ್ಕ ಮಾಡುವ ಪ್ರೋಗ್ರಾಮು ಸಾಮಾನ್ಯವಾಗಿ ಬಣ್ಣ ಓದುವುದಿಲ್ಲ, ಬೇರೆ ಕಾಲಂ ಬೇಕು.

ಉಳಿದದ್ದು ಪ್ಲೇಟಿನ, ಅಂದರೆ ಮಾದರಿಗಳನ್ನು ತುಂಬುವ ಗುಳಿಗಳ ತಟ್ಟೆಯ, ಕೆಲಸ. 8 ಸಾಲು, 12 ಕಂಬ, ಒಟ್ಟು 96 ಗುಳಿ. ಅಂಚಿನ ಗುಳಿಗಳಲ್ಲಿ ದ್ರವ ಬೇಗ ಆರುತ್ತದೆ, ಅಂದರೆ ಪ್ಲೇಟಿಗೂ ಒಂದು ಇಳಿಜಾರಿದೆ. ತಳಿಗಳನ್ನು ಹೊಲದಂತೆಯೇ ಇಲ್ಲೂ ಬೆರೆಸಿ ಹಂಚಬೇಕು. ಲ್ಯಾಬ್ ಟೆಕ್ನಿಷಿಯನ್ ಇದಕ್ಕೆ ಗೊಣಗುವುದು ನ್ಯಾಯವೇ: ಒಂದರ ಪಕ್ಕ ಒಂದು ಬೇರೆ ತಳಿ ಬಂದರೆ ಟ್ಯೂಬು ಅದಲುಬದಲಾಗುವ ಭಯ. ಆ ಭಯಕ್ಕೆ ಮದ್ದೂ ಸರಳ. ಚೀಟಿ ಎತ್ತುವ ಕೆಲಸ ಕಂಪ್ಯೂಟರಿನದು. ಯಾವ ಗುಳಿಗೆ ಯಾವ ಟ್ಯೂಬು ಎಂಬ ನಕ್ಷೆಯನ್ನು ಮುದ್ರಿಸಿ ಪಿಪೆಟ್ ಹಿಡಿಯುವವರ ಎದುರು ಅಂಟಿಸಿ, ತುಂಬಿದ ಹಾಗೆ ಒಂದೊಂದನ್ನೇ ಪೆನ್ನಿನಿಂದ ಹೊಡೆದುಹಾಕುತ್ತ ಹೋಗುವುದು.