ಒಂದೇ ಹೆಸರು, ಬೇರೆ ಬೇರೆ ನಗು: ಕಾರ್ಟೂನ್ ಮತ್ತು ಹಾಸ್ಯಚಿತ್ರಗಳ ಅಭಿಮಾನಿಗಳ ಮಾತನ್ನು ಓದುವ ಬಗೆ

ಮಾಧ್ಯಮ ಅಧ್ಯಯನದಲ್ಲಿ ಪ್ರೇಕ್ಷಕರ ಅಭಿರುಚಿಯ ವಿಷಯ ಬಂದಾಗಲೆಲ್ಲ ನಾವು 'ಲೋಕೋ ಭಿನ್ನರುಚಿಃ' ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ. ರುಚಿ ಭಿನ್ನವಾಗಿರುವುದು ನಿಜವಾದರೂ, ಅಭಿಮಾನಿಗಳ ಜಗಳವನ್ನು ಸ್ವಲ್ಪ ಹೊತ್ತು ಕೂತು ಕೇಳಿದರೆ ಅದರಲ್ಲಿ ರುಚಿಯ ಪಾಲು ನಾವು ಎಣಿಸಿದ್ದಕ್ಕಿಂತ ಕಡಿಮೆ ಎಂಬುದು ತಿಳಿಯುತ್ತದೆ. ಬಹಳಷ್ಟು ಸಲ ಅವರು ಬೇರೆ ಬೇರೆ ಕೃತಿಗಳನ್ನು ನೋಡಿರುತ್ತಾರೆ. ಹೆಸರು ಮಾತ್ರ ಒಂದೇ ಆಗಿರುತ್ತದೆ. ಈ ಟಿಪ್ಪಣಿಯಲ್ಲಿ ನಾನು ವಿವರಿಸಲು ಹೊರಟಿರುವುದು ಅದನ್ನೇ.

ತುಮಕೂರಿನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಲು ಹೋಗಿದ್ದಾಗ ನಡೆದ ವಾದವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ತಿಪಟೂರಿನ ಸಹಪಾಠಿ, "ಟಾಮ್ ಅಂಡ್ ಜೆರ್ರಿ ಮುಂದೆ ಬೇರೆ ಯಾವ ಕಾರ್ಟೂನೂ ನಿಲ್ಲಲ್ಲ ಕಣೋ" ಎಂದಳು. ಪಾವಗಡದ ಗೆಳೆಯ, "ಏನಮ್ಮ ಇದೆ ಅದರಲ್ಲಿ, ಸಪ್ಪೆ. ಇಬ್ಬರೂ ಜೊತೆಗೆ ಊರೂರು ತಿರುಗುತ್ತಾರೆ, ಅಷ್ಟೇ" ಎಂದ. ಇಡ್ಲಿಯ ಮೇಲಿನ ಬೆಣ್ಣೆ ಕರಗಿ ತಟ್ಟೆಯ ಅಂಚಿಗೆ ಇಳಿದರೂ ಇಬ್ಬರೂ ಪಟ್ಟು ಬಿಡಲಿಲ್ಲ. ಕೊನೆಗೆ, ನಿಮಗೆ ನೆನಪಿರುವ ಒಂದು ದೃಶ್ಯ ಹೇಳಿ ಎಂದು ಕೇಳಿದೆವು. ಅವಳು ಹೇಳಿದ್ದು ಟಾಮ್ ಕೋಟು ತೊಟ್ಟು ಪಿಯಾನೋ ನುಡಿಸುವಾಗ ಅದರೊಳಗೆ ಮಲಗಿದ್ದ ಜೆರ್ರಿ ಎಚ್ಚರಗೊಂಡು ಕಾಟ ಕೊಡುವ ಪ್ರಸಂಗವನ್ನು. ಅವನು ಹೇಳಿದ್ದು ಕುತ್ತಿಗೆಗೆ ಕೆಂಪು ಬೋ ಕಟ್ಟಿಕೊಂಡು ಟಾಮ್‌ನ ಸ್ನೇಹಿತನಾಗಿ ಓಡಾಡುವ ಜೆರ್ರಿಯನ್ನು. ಮೊದಲನೆಯದು 1947ರದು, ಎರಡನೆಯದು 1975ರದು. ಇಷ್ಟು ಹೊತ್ತು ಜಗಳ ನಡೆದದ್ದು ಇಪ್ಪತ್ತೆಂಟು ವರ್ಷಗಳ ಅಂತರದಲ್ಲಿ ತಯಾರಾದ ಎರಡು ಸರಕುಗಳ ನಡುವೆ.

ಇಲ್ಲಿ ತಯಾರಿಕೆಯ ಇತಿಹಾಸವನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ಅಗತ್ಯ. ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಎಂಬಿಬ್ಬರು 1940ರಿಂದ 1958ರವರೆಗೆ ಎಂಜಿಎಂ ಎಂಬ ಅಮೆರಿಕದ ಚಿತ್ರಸಂಸ್ಥೆಯಲ್ಲಿದ್ದುಕೊಂಡು ಈ ಬೆಕ್ಕು-ಇಲಿಯ 114 ಕಿರುಚಿತ್ರಗಳನ್ನು ಮಾಡಿದರು. ಅವುಗಳಲ್ಲಿ ಏಳಕ್ಕೆ ಆಸ್ಕರ್ ಬಂತು. ಅವು ಚಿತ್ರಮಂದಿರದಲ್ಲಿ ತೋರಿಸಲೆಂದು ಮಾಡಿದವು, ಅಂದರೆ ಏಳೆಂಟು ನಿಮಿಷದ ಚಿತ್ರಕ್ಕೆ ಸಾವಿರಾರು ರೇಖಾಚಿತ್ರಗಳನ್ನು ಕೈಯಲ್ಲೇ ಬರೆಯುವಷ್ಟು ಹಣವೂ ಸಮಯವೂ ಇದ್ದ ಕಾಲದವು. ಅನಂತರ 1961-62ರಲ್ಲಿ ಜೀನ್ ಡೈಚ್ ಎಂಬ ನಿರ್ದೇಶಕ ಪ್ರಾಗ್ ನಗರದಲ್ಲಿ ಕಡಿಮೆ ಖರ್ಚಿನಲ್ಲಿ 13 ಚಿತ್ರಗಳನ್ನು ಮಾಡಿದ. ಆಮೇಲೆ ಚಕ್ ಜೋನ್ಸ್ ಬಂದು 1967ರವರೆಗೆ 34 ಚಿತ್ರಗಳನ್ನು ಮಾಡಿದ, ಅವನ ಟಾಮ್‌ಗೆ ಹುಬ್ಬು ದಪ್ಪ. 'ಕೈ ಬದಲಾಯಿತು, ಕೆಟ್ಟುಹೋಯಿತು' ಎಂಬ ಅಭಿಮಾನಿಗಳ ಸುಲಭದ ವಿವರಣೆ ಇಲ್ಲಿಯವರೆಗೆ ಸರಿಯೆನಿಸಬಹುದು. ಆದರೆ 1975ರ ಆ ಸಪ್ಪೆ ಸರಣಿಯನ್ನು ತಯಾರಿಸಿದ್ದು ಮತ್ತೆ ಅದೇ ಹನ್ನಾ ಮತ್ತು ಬಾರ್ಬೆರಾ ಅವರ ಕಂಪನಿ. ಕೈ ಅದೇ, ಮಾಧ್ಯಮ ಬೇರೆ: ಟೆಲಿವಿಷನ್‌ಗೆ ವಾರವಾರವೂ ಕಂತು ಒದಗಿಸಬೇಕಿತ್ತು, ಆದ್ದರಿಂದ ಮೈ ಅಲುಗದೆ ಬಾಯಿ ಅಥವಾ ಕೈ ಮಾತ್ರ ಅಲುಗುವ ಮಿತವ್ಯಯದ ಅನಿಮೇಷನ್ ರೂಢಿಗೆ ಬಂತು, ಮಕ್ಕಳ ಕಾರ್ಯಕ್ರಮಗಳಲ್ಲಿ ಹೊಡೆದಾಟ ಕೂಡದೆಂಬ ಒತ್ತಡದಿಂದ ವೈರಿಗಳು ಸ್ನೇಹಿತರಾದರು. ಹೊಡೆದಾಟವನ್ನೇ ತಿರುಳಾಗಿ ಉಳ್ಳ ಕೃತಿಯಿಂದ ಅದನ್ನು ತೆಗೆದುಹಾಕಿದರೆ ಉಳಿಯುವುದು ಏನೆಂಬುದಕ್ಕೆ ಪಾವಗಡದ ಗೆಳೆಯನ ಆಕಳಿಕೆಯೇ ಸಾಕ್ಷಿ.

ನನ್ನದೂ ಒಂದು ತಪ್ಪನ್ನು ಇಲ್ಲಿ ದಾಖಲಿಸಬೇಕು. 'ಹಳೆಯದೇ ಅಸಲಿ' ಎಂಬ ಪಕ್ಷದಲ್ಲಿ ನಾನು ಬಹಳ ದಿನ ಗಟ್ಟಿಯಾಗಿ ನಿಂತಿದ್ದೆ. ಬಾಲ್ಯದಲ್ಲಿ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದ ಕಂತನ್ನು ಹುಡುಕಿ ಮತ್ತೆ ನೋಡಿದಾಗ, ಬಾವಿಯೊಳಗಿನಿಂದ ಬಂದಂತಿರುವ ಆ ವಿಚಿತ್ರ ಪ್ರತಿಧ್ವನಿಯ ಸದ್ದಿನಿಂದಲೇ ಅದು ಪ್ರಾಗ್‌ನ ಹದಿಮೂರರಲ್ಲಿ ಒಂದೆಂದು ಗೊತ್ತಾಯಿತು, ಅಂದರೆ ನಮ್ಮ ಪಕ್ಷದವರೆಲ್ಲ ಒಕ್ಕೊರಲಿನಿಂದ ಬೈಯುವ ಗುಂಪಿನದು. ಆದ್ದರಿಂದ ನೆನಪಿನ ಆಧಾರದ ಮೇಲೆ ಬರುವ ಅಭಿಪ್ರಾಯವನ್ನು ಕೃತಿಯ ಗುಣದ ಬಗೆಗಿನ ಹೇಳಿಕೆಯೆಂದು ಬರೆದುಕೊಳ್ಳಬಾರದು. ಅದು ನೋಡಿದ ವಯಸ್ಸಿನ ಬಗೆಗಿನ ಹೇಳಿಕೆ.

ಶಿನ್‌ಚಾನ್ ಎಂಬ ಜಪಾನಿ ಕಾರ್ಟೂನು ಮಕ್ಕಳನ್ನು ಕೆಡಿಸುತ್ತದೆಂಬ ತಾಯಂದಿರ ದೂರೂ ಹುಡುಗರ ಸಮರ್ಥನೆಯೂ ಇದೇ ಜಾತಿಯವು. ಆ ತುಂಟನ ಕಥೆ 1990ರಲ್ಲಿ ಜಪಾನಿನಲ್ಲಿ ಮೊದಲು ಬಂದದ್ದು ವಯಸ್ಕರು ಓದುವ ಚಿತ್ರಕಥಾ ಪತ್ರಿಕೆಯಲ್ಲಿ ಎಂಬುದನ್ನು ಹೇಳಿದರೆ ಅರ್ಧ ವಾದ ಅಲ್ಲಿಗೇ ತಣ್ಣಗಾಗುತ್ತದೆ.

ಭಾಷೆಯ ಪ್ರಶ್ನೆ ನಮ್ಮ ತುಮಕೂರು ಜಿಲ್ಲೆಯಲ್ಲಿ ಇನ್ನೂ ತೊಡಕಿನದು. ಕನ್ನಡದಲ್ಲಿ ಮಕ್ಕಳಿಗಾಗಿಯೇ ಚಿಂಟು ಟಿವಿ ಬಂದದ್ದು 2009ರಲ್ಲಿ. ಅದಕ್ಕೆ ಮುಂಚಿನ ಮಕ್ಕಳು ಕಾರ್ಟೂನನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ನೋಡಿ, ಅರ್ಥವಾಗದ ಮಾತನ್ನು ಚಿತ್ರದಿಂದ ತುಂಬಿಕೊಂಡರು. ಆಂಧ್ರದ ಗಡಿಯಿಂದ ಬಹುಪಾಲು ಸುತ್ತುವರಿದಿರುವ ಪಾವಗಡದಲ್ಲಿ ಮನೆಮಾತು ತೆಲುಗಾಗಿರುವವರು ಅನೇಕರಿದ್ದು, ಅವರಿಗೆ ಅದೇ ವರ್ಷ ಶುರುವಾದ ತೆಲುಗಿನ ಖುಷಿ ಟಿವಿ ಹತ್ತಿರವಾಯಿತು. ಹಾಸ್ಯ ಬಹುಪಾಲು ಕಂಠದಲ್ಲಿರುವುದರಿಂದ, ಒಂದೇ ಪಾತ್ರಕ್ಕೆ ಒಬ್ಬನ ಕಿವಿಯಲ್ಲಿ ಒಂದು ದನಿ, ಇನ್ನೊಬ್ಬನ ಕಿವಿಯಲ್ಲಿ ಮತ್ತೊಂದು ದನಿ ಕೂತಿರುವಾಗ 'ಡಬ್ಬಿಂಗ್ ಚೆನ್ನಾಗಿಲ್ಲ' ಎಂಬ ಮಾತಿಗೆ 'ನಾನು ಮೊದಲು ಕೇಳಿದ ದನಿ ಇದಲ್ಲ' ಎಂಬುದಕ್ಕಿಂತ ಹೆಚ್ಚಿನ ಅರ್ಥ ಅನೇಕ ವೇಳೆ ಇರುವುದಿಲ್ಲ. ಹೆಚ್ಚೂಕಡಿಮೆ ಮಾತೇ ಇಲ್ಲದ ಟಾಮ್ ಅಂಡ್ ಜೆರ್ರಿಯ ಬಗ್ಗೆ ಈ ದೂರು ಕೇಳಿಬರದಿರುವುದನ್ನು ಗಮನಿಸಿ.

ಹಾಸ್ಯಚಿತ್ರಗಳಿಗೆ ಬಂದರೆ ತುಮಕೂರಿನವರಿಗೆ ಊರಿನ ಅಭಿಮಾನವೂ ಸೇರಿಕೊಳ್ಳುತ್ತದೆ. ಹಾಸ್ಯ ಚಕ್ರವರ್ತಿ ಎನಿಸಿಕೊಂಡ ನರಸಿಂಹರಾಜು 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿ, ಗುಬ್ಬಿ ಕಂಪನಿಯಂತಹ ನಾಟಕ ಮಂಡಳಿಗಳಲ್ಲಿ ಪಳಗಿ, 1954ರ 'ಬೇಡರ ಕಣ್ಣಪ್ಪ'ದಿಂದ ಚಿತ್ರರಂಗಕ್ಕೆ ಬಂದವರು. ಗುಬ್ಬಿ ಕಡೆಯವರಾದ ನಮ್ಮ ಅಜ್ಜಿ, "ಅವನು ಬಾಯಿ ಬಿಡೋಕೆ ಮುಂಚೆನೇ ನಗು ಬಂದ್ಬಿಡೋದು ಕಣಪ್ಪ" ಎನ್ನುತ್ತಾರೆ. ನನ್ನ ತಮ್ಮನಿಗೆ ನರಸಿಂಹರಾಜು ಅವರ ದೃಶ್ಯ ಕಥೆಯ ನಡುವಿನ ಅಡ್ಡಿಯಂತೆ ಕಾಣುತ್ತದೆ. ಅವನ ಅಳತೆಗೋಲು 1990ರ 'ಗಣೇಶನ ಮದುವೆ', ಅಂದರೆ ವಠಾರದಲ್ಲಿ ದಿನವೂ ಜಗಳವಾಡುವ ಹುಡುಗಿಯೇ ತಾನು ಪತ್ರದಲ್ಲಿ ಮನಸೋತ ಗಾಯಕಿಯೆಂದು ನಾಯಕನಿಗೆ ಗೊತ್ತಿರದಿರುವುದರಿಂದ ಕಥೆಯೇ ನಗು ಹುಟ್ಟಿಸುವ ಚಿತ್ರ. ಕಂಪನಿ ನಾಟಕದಲ್ಲಿ ಗಂಭೀರ ಕಥೆಯ ನಡುವೆ ಹಾಸ್ಯಗಾರ ಬಂದು ಹೋಗುವುದು ಕಟ್ಟೋಣದ ಒಂದು ಕ್ರಮವಾಗಿತ್ತು, ಸಿನಿಮಾ ಅದನ್ನು ಹಾಗೆಯೇ ಪಡೆಯಿತು. ಅಜ್ಜಿ ನಟನಿಗಾಗಿ ಕಾಯುತ್ತಾರೆ, ತಮ್ಮನು ಕಥೆಯ ತಿರುವಿಗಾಗಿ ಕಾಯುತ್ತಾನೆ.

ಇನ್ನೊಂದು ಬಗೆಯ ತಕರಾರು 'ಕೀಳು ಹಾಸ್ಯ' ಎಂಬ ಪದದಲ್ಲಿ ಅಡಗಿದೆ, ಮತ್ತು ಅದಕ್ಕೆ ಕಾವ್ಯಮೀಮಾಂಸೆಯ ತರಗತಿಯಲ್ಲಿ ಓದಿದ್ದು ನೇರವಾಗಿ ಒದಗುತ್ತದೆ. ನಾಟ್ಯಶಾಸ್ತ್ರದ ಭರತ ಹಾಸವನ್ನು ಸ್ಥಾಯಿಭಾವ, ಅಂದರೆ ಹಾಸ್ಯರಸದ ಮೂಲದಲ್ಲಿರುವ ನೆಲೆಯಾದ ಭಾವವೆಂದು ಹೇಳಿ ನಗುವನ್ನು ಆರು ಬಗೆಯಾಗಿ ವಿಂಗಡಿಸುತ್ತಾನೆ: ಹಲ್ಲು ಕಾಣಿಸದ ಸ್ಮಿತ ಮತ್ತು ತುಸು ಕಾಣಿಸುವ ಹಸಿತ ಉತ್ತಮರದು, ವಿಹಸಿತ ಮತ್ತು ಉಪಹಸಿತ ಮಧ್ಯಮರದು, ಕಣ್ಣಲ್ಲಿ ನೀರು ಬರಿಸುವ ಅಪಹಸಿತ ಮತ್ತು ಪಕ್ಕೆ ಹಿಡಿದುಕೊಳ್ಳುವಂತೆ ಮಾಡುವ ಅತಿಹಸಿತ ಅಧಮರದು. ನಗುವಿನ ಜೋರನ್ನು ನಗುವವನ ಅಂತಸ್ತಿಗೆ ಕಟ್ಟಿಹಾಕಿದ ಈ ವಿಂಗಡಣೆ ಇಂದಿನ ಅಭಿಮಾನಿಗಳ ಮಾತಿನಲ್ಲಿ ಇನ್ನೂ ಜೀವಂತವಾಗಿದೆ. ತುರುವೇಕೆರೆ ಸೀಮೆಯ ಜಗ್ಗೇಶ್ ಅವರ ಹಳ್ಳಿ ಧಾಟಿಯ ಮಾತಿಗೆ ಬಿದ್ದು ಬಿದ್ದು ನಕ್ಕವರೇ ಹೊರಗೆ ಬಂದು 'ಸ್ವಲ್ಪ ಲೋಕಲ್ಲು' ಎನ್ನುವುದನ್ನು ನಾವೆಲ್ಲ ಕೇಳಿದ್ದೇವೆ. ಪಕ್ಕೆ ಹಿಡಿದು ನಕ್ಕದ್ದು ಒಬ್ಬ ಪ್ರೇಕ್ಷಕ, ಅಭಿಪ್ರಾಯ ಕೊಟ್ಟದ್ದು ಅವನೊಳಗಿನ ಇನ್ನೊಬ್ಬ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. ಕ್ಷೇತ್ರಕಾರ್ಯದಲ್ಲಿ ಜನ ಹೇಳಿದ್ದನ್ನು ಬರೆದುಕೊಳ್ಳುವುದರ ಜೊತೆಗೆ, ಅವರು ಎಲ್ಲಿ ನಕ್ಕರೆಂಬುದನ್ನೂ ಬರೆದುಕೊಳ್ಳಬೇಕಾದದ್ದು ಈ ಕಾರಣಕ್ಕೆ.

ನಾನು ಅದನ್ನು ಮನೆಯಲ್ಲೇ ಒಮ್ಮೆ ಮಾಡಿ ನೋಡಿದೆ. ನರಸಿಂಹರಾಜು ಅವರ ದೃಶ್ಯವೊಂದು ಬಂದಾಗ 'ಅಡ್ಡಿ' ಎನ್ನುವ ತಮ್ಮ ಎರಡು ಸಲ ನಕ್ಕ, ಅಜ್ಜಿ ಒಂದು ಸಲವೂ ನಗಲಿಲ್ಲ. ಕೇಳಿದರೆ, "ಮುಂದಿಂದು ಗೊತ್ತಲ್ಲಪ್ಪ, ಅದಕ್ಕೆ ಕಾಯ್ತಿದೀನಿ" ಎಂದರು.