ಸ್ಪ್ಯಾನಿಷ್ ಭವಿಷ್ಯತ್ ಕಾಲ: ನಿಯತ ಕ್ರಿಯಾಪದಗಳ ರೂಪಗಳು

ವರ್ತಮಾನ ಕಾಲವನ್ನು ಕಲಿಯುವಾಗ ಕ್ರಿಯಾಪದದ ಮೂಲರೂಪದಿಂದ ಕೊನೆಯ ಆರ್, ಏರ್ ಅಥವಾ ಈರ್ ಎಂಬ ಭಾಗವನ್ನು ಕಳಚಿ, ಉಳಿದ ಧಾತುವಿಗೆ ಪ್ರತ್ಯಯ ಹಚ್ಚುವುದು ರೂಢಿಯಾಗಿರುತ್ತದೆ. ಭವಿಷ್ಯತ್ ಕಾಲದಲ್ಲಿ ಏನನ್ನೂ ಕಳಚಬೇಕಾಗಿಲ್ಲ. ಮೂಲರೂಪವನ್ನು ಇಡಿಯಾಗಿ ಉಳಿಸಿಕೊಂಡು ಪ್ರತ್ಯಯ ಸೇರಿಸಿದರೆ ಸಾಕು. ಮೂರೂ ವರ್ಗಗಳಿಗೆ ಪ್ರತ್ಯಯಗಳು ಒಂದೇ.

‘ಮಾತನಾಡು’ ಎಂಬ ಅರ್ಥದ ‘ಅಬ್ಲಾರ್’ ಕ್ರಿಯಾಪದವನ್ನು ತೆಗೆದುಕೊಳ್ಳೋಣ. ಸ್ವರಭಾರ ಬೀಳುವ, ಅಂದರೆ ಒತ್ತಿ ಉಚ್ಚರಿಸುವ, ಅಕ್ಷರವನ್ನು ಇಲ್ಲಿ ದೀರ್ಘವಾಗಿ ಬರೆದಿದ್ದೇನೆ. ನಾನು ಎಂಬುದಕ್ಕೆ ಅಬ್ಲರೇ, ನೀನು ಎಂಬುದಕ್ಕೆ ಅಬ್ಲರಾಸ್, ಅವನು, ಅವಳು ಹಾಗೂ ಗೌರವದ ‘ಉಸ್ತೇದ್’ಗೆ ಅಬ್ಲರಾ, ನಾವು ಎಂಬುದಕ್ಕೆ ಅಬ್ಲರೇಮೊಸ್, ಸ್ಪೇನಿನಲ್ಲಿ ಆಪ್ತರ ಗುಂಪನ್ನು ಕರೆಯುವ ‘ಬೊಸೋತ್ರೊಸ್’ಗೆ ಅಬ್ಲರೇಯ್ಸ್, ಅವರು ಎಂಬುದಕ್ಕೂ ‘ಉಸ್ತೇದೆಸ್’ಗೂ ಅಬ್ಲರಾನ್. ‘ತಿನ್ನು’ ಎಂಬರ್ಥದ ಕೊಮೇರ್ ಹೀಗೆಯೇ ಕೊಮೆರೇ ಆಗುತ್ತದೆ. ‘ಬಾಳು’ ಎಂಬರ್ಥದ ಬಿಬೀರ್, ಬಿಬಿರೇ ಆಗುತ್ತದೆ.

ಈ ಪ್ರತ್ಯಯಗಳನ್ನು ಬಾಯಿಪಾಠ ಮಾಡುವ ಮೊದಲು ಅವುಗಳ ಹುಟ್ಟನ್ನು ತಿಳಿಯುವುದು ಒಳ್ಳೆಯದು. ಆಡುನುಡಿಯ ಲ್ಯಾಟಿನ್ನಿನಲ್ಲಿ ಮೂಲರೂಪದ ಪಕ್ಕದಲ್ಲಿ ‘ಹೊಂದಿರು’ ಎಂಬರ್ಥದ ಕ್ರಿಯಾಪದವನ್ನಿಟ್ಟು ಮುಂದೆ ಮಾಡಬೇಕಾದುದನ್ನು ಹೇಳುತ್ತಿದ್ದರು. ಆ ಕ್ರಿಯಾಪದವೇ ಸ್ಪ್ಯಾನಿಷ್‌ನ ‘ಅಬೇರ್’. ಅದರ ವರ್ತಮಾನ ರೂಪಗಳಾದ ಎ, ಆಸ್, ಆ, ಏಮೊಸ್, ಅಬೇಯ್ಸ್, ಆನ್ ಎಂಬವುಗಳನ್ನು ಮೇಲಿನ ಸಾಲಿನ ಪಕ್ಕದಲ್ಲಿಟ್ಟು ನೋಡಿದರೆ, ಅಬೇಯ್ಸ್‌ನ ಮೊದಲ ಭಾಗ ಸವೆದದ್ದನ್ನು ಬಿಟ್ಟು ಉಳಿದದ್ದೆಲ್ಲ ಹಾಗೆಯೇ ಕಾಣಿಸುತ್ತದೆ. ಹಳೆಯ ಸ್ಪ್ಯಾನಿಷ್‌ನಲ್ಲಿ ಮೂಲರೂಪಕ್ಕೂ ಅಬೇರ್‌ನ ರೂಪಕ್ಕೂ ನಡುವೆ ಸರ್ವನಾಮವೂ ಬರುತ್ತಿತ್ತು: ಇಂದಿನ ‘ತೆ ದರೇ’ (ನಿನಗೆ ಕೊಡುವೆನು) ಅಂದು ‘ದಾರ್ ತೆ ಎ’ ಎಂದಿರುತ್ತಿತ್ತು.

ಸ್ವರಭಾರ ಯಾವಾಗಲೂ ಪ್ರತ್ಯಯದ ಮೇಲೆಯೇ ಬೀಳುವುದಕ್ಕೂ ಈ ಹುಟ್ಟೇ ಕಾರಣ. ನಮ್ಮ ಗಮನ ಹೆಚ್ಚಾಗಿ ಬೇಕಾಗಿರುವುದು ಇಲ್ಲಿಯೇ. ‘ಅಬ್ಲರಾ’ ಎಂದರೆ ಅವನು ಮಾತನಾಡುವನು. ಅದೇ ಅಕ್ಷರಗಳಲ್ಲಿ ಭಾರ ಒಂದು ಹೆಜ್ಜೆ ಹಿಂದಕ್ಕೆ ಸರಿದು ‘ಅಬ್ಲಾರ’ ಆದರೆ ‘ಅವನು ಮಾತನಾಡುವಂತಿದ್ದರೆ’ ಎಂಬ ಬೇರೆಯೇ ರೂಪವಾಗುತ್ತದೆ. ಬರವಣಿಗೆಯಲ್ಲಿ ಇವೆರಡನ್ನೂ ಬೇರ್ಪಡಿಸುವುದು ಕೊನೆಯ ಸ್ವರದ ಮೇಲಿನ ಓರೆಗೆರೆಯೊಂದೇ. ಸ್ವರ, ನ್ ಅಥವಾ ಸ್‌ನಿಂದ ಮುಗಿಯುವ ಪದದಲ್ಲಿ ಭಾರ ಸಹಜವಾಗಿ ಕೊನೆಯಿಂದ ಎರಡನೆಯ ಅಕ್ಷರಕ್ಕೆ ಬೀಳುವುದರಿಂದ ಅಬ್ಲರೇಮೊಸ್‌ಗೆ ಗೆರೆ ಬೇಡ, ಉಳಿದ ಐದಕ್ಕೂ ಬೇಕು.

ಅನಿಯತ ಕ್ರಿಯಾಪದಗಳು ಕೆಲವೇ ಇವೆ. ಅವುಗಳಲ್ಲಿಯೂ ಬದಲಾಗುವುದು ಮೂಲರೂಪ ಮಾತ್ರ, ಪ್ರತ್ಯಯವಲ್ಲ: ‘ಹೊಂದಿರು’ ಎಂಬರ್ಥದ ತೆನೇರ್ ತೆಂದ್ರೇ ಆಗುತ್ತದೆ, ‘ಹೇಳು’ ಎಂಬರ್ಥದ ದೆಸೀರ್ ದಿರೇ ಆಗುತ್ತದೆ.

ಮಾತಿನಲ್ಲಿ, ಅದರಲ್ಲೂ ಲ್ಯಾಟಿನ್ ಅಮೆರಿಕದಲ್ಲಿ, ‘ಬೊಯ್ ಅ ಅಬ್ಲಾರ್’ (ಪದಶಃ ‘ಮಾತನಾಡಲು ಹೋಗುತ್ತೇನೆ’) ಎಂಬ ರಚನೆಯೇ ಹೆಚ್ಚು ಬಳಕೆಯಲ್ಲಿದೆ. ಆದರೆ ಊಹೆಯನ್ನು ಹೇಳುವಾಗ ಈ ಭವಿಷ್ಯತ್ ರೂಪಕ್ಕೆ ಎಲ್ಲೆಡೆಯೂ ಸ್ಥಾನವಿದೆ. ‘ಕೆ ಓರ ಸೆರಾ?’ ಎಂದರೆ ಈಗ ಗಂಟೆ ಎಷ್ಟಾಗಿರಬಹುದು ಎಂಬ ಪ್ರಶ್ನೆ; ‘ಸೆರಾನ್ ಲಾಸ್ ತ್ರೆಸ್’ ಎಂದರೆ ಮೂರಾಗಿದ್ದೀತು ಎಂಬ ಉತ್ತರ. ಮುಂದಿನ ಕಾಲದ ಸುಳಿವೂ ಇಲ್ಲದ ಇಂಥ ವಾಕ್ಯಗಳನ್ನು ‘ಇದ್ದಾನು’, ‘ಬಂದಾಳು’ ಎಂಬ ನಮ್ಮ ಸಂಭಾವನಾರ್ಥಕ ರೂಪಗಳ ಜೊತೆಗಿಟ್ಟು ಓದಿಕೊಂಡರೆ, ‘ಎಸ್ತರಾ ಎನ್ ಕಾಸ’ ಎಂಬುದನ್ನು ‘ಮನೆಯಲ್ಲಿದ್ದಾಳು’ ಎಂದು ನೇರವಾಗಿ ಗ್ರಹಿಸಬಹುದು.